ಟೈರಿನ ಒಳಗಿನ ಉರಿ

"ಬ್ಯಾಸಿಗಿ ಐತಿ ಅಣ್ಣಾ, ಎರಡು ಪಾಯಿಂಟ್ ಕಮ್ಮಿ ಇರ್ಲಿ."

ಮಾರ್ಚ್ ಕಾಲಿಟ್ಟಿತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರಿನ ಪಂಕ್ಚರ್ ಅಂಗಡಿಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಹೇಳುವವರ ಲೆಕ್ಕ ಸರಳ. ಬಿಸಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಟೈರನ್ನು ಸಿಡಿಸುತ್ತದೆ, ಮೊದಲೇ ಒಂದಿಷ್ಟು ಕಡಿಮೆ ತುಂಬಿಸಿಕೊಂಡರೆ ಕ್ಷೇಮ. ಗಾಳಿ ಹಿಗ್ಗುವುದು ನಿಜ. ಆದರೆ ಆ ಹಿಗ್ಗುವಿಕೆಯಿಂದಲೇ ಟೈರ್ ಸಿಡಿಯುತ್ತದೆ ಎಂಬುದು ಬಹುಮಟ್ಟಿಗೆ ತಪ್ಪು. ಗಾಳಿ ಕಡಿಮೆ ಮಾಡಿ ಹೆದ್ದಾರಿಗೆ ಇಳಿಯುವುದಂತೂ ಸಿಡಿತವನ್ನು ನಾವೇ ಕರೆದು ಕೂರಿಸಿಕೊಂಡಂತೆ.

ಕಾರಿಗೆ ಹೊಸ ಟೈರ್ ಹಾಕಿಸಲು ಹೊರಟವರು ಈ ತಪ್ಪು ಎಲ್ಲಿದೆ ಎಂದು ಮೊದಲು ತಿಳಿಯಬೇಕು. ನಮ್ಮ ಸೀಮೆಯಂಥ ಬಿಸಿಲ ನಾಡಿನಲ್ಲಿ ಟೈರಿನ ಆಯ್ಕೆಯೆಂದರೆ ಮುಖ್ಯವಾಗಿ ಬಿಸಿಯ ಲೆಕ್ಕಾಚಾರ. ಆ ಬಿಸಿಯ ದೊಡ್ಡ ಪಾಲು ಹೊರಗಿನ ಬಿಸಿಲಿನಿಂದ ಬರುವುದಿಲ್ಲ. ಅದನ್ನು ಟೈರೇ ತನ್ನ ಮೈಯೊಳಗೆ ಹುಟ್ಟಿಸಿಕೊಳ್ಳುತ್ತದೆ.

ಮೊದಲು ಗಾಳಿಯ ಲೆಕ್ಕ ಮುಗಿಸೋಣ. ಬೆಳಗಿನ ಜಾವ 27 ಡಿಗ್ರಿ ಇದ್ದಾಗ ಟೈರಿಗೆ 32 ಪಿಎಸ್‌ಐ, ಅಂದರೆ ಅಂಗಡಿಯ ಮಾತಿನಲ್ಲಿ 32 ಪಾಯಿಂಟ್ ಗಾಳಿ ಹಾಕಿಸಿದಿರಿ ಎನ್ನಿ. ಮೀಟರ್ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎಂಬುದನ್ನು. ಹೊರಗಿನ ಸುಮಾರು 14 ಸೇರಿಸಿದರೆ ಒಟ್ಟು 46. ಮಧ್ಯಾಹ್ನ ಹೆದ್ದಾರಿಯಲ್ಲಿ ಓಡುವಾಗ ಒಳಗಿನ ಗಾಳಿ 67 ಡಿಗ್ರಿಗೆ ಏರಿತು ಅಂದುಕೊಳ್ಳಿ. ಅನಿಲದ ಒತ್ತಡ ಏರುವುದು ಪರಮ ತಾಪಮಾನಕ್ಕೆ ಅನುಗುಣವಾಗಿ. ಆ ಅಳತೆಯಲ್ಲಿ 27 ಡಿಗ್ರಿ ಎಂದರೆ 300, 67 ಎಂದರೆ 340. 46ನ್ನು 340ರಿಂದ ಗುಣಿಸಿ 300ರಿಂದ ಭಾಗಿಸಿದರೆ 52. ಅದರಲ್ಲಿ ಹೊರಗಿನ 14 ಕಳೆದರೆ ಮೀಟರ್ ಮೇಲೆ 38. ಏರಿದ್ದು ಬರೀ ಆರು ಪಾಯಿಂಟ್. ಟೈರ್ ಮಾಡುವವರಿಗೆ ಈ ಏರಿಕೆ ಗೊತ್ತು, ಅದನ್ನು ಲೆಕ್ಕಕ್ಕೆ ಹಿಡಿದೇ ವಿನ್ಯಾಸ ಮಾಡಿರುತ್ತಾರೆ. ಗಟ್ಟಿಮುಟ್ಟಾದ ಕಾರಿನ ಟೈರನ್ನು ಒತ್ತಡ ಒಂದರಿಂದಲೇ ಒಡೆಯಬೇಕೆಂದರೆ ಇದರ ಹಲವು ಪಟ್ಟು ಗಾಳಿ ತುಂಬಬೇಕಾಗುತ್ತದೆ.

ಹಾಗಿದ್ದರೆ ಟೈರನ್ನು ಸಿಡಿಸುವುದು ಯಾವುದು? ಟೈರ್ ನೆಲಕ್ಕೆ ತಾಗುವ ಜಾಗವನ್ನು ಗಮನಿಸಿ. ಅಲ್ಲಿ ಅದು ಚಪ್ಪಟೆಯಾಗುತ್ತದೆ, ಪಕ್ಕೆ ಉಬ್ಬುತ್ತದೆ. ಚಕ್ರ ಮುಂದೆ ಉರುಳಿದ ಕೂಡಲೆ ಆ ಭಾಗ ಮತ್ತೆ ದುಂಡಗಾಗುತ್ತದೆ. 185/65 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಬಾರಿ ತಿರುಗುತ್ತದೆ. ಹೊಸಪೇಟೆಯಿಂದ ಬೆಂಗಳೂರಿಗೆ ಸುಮಾರು 340 ಕಿ.ಮೀ. ಅಷ್ಟು ದಾರಿಯಲ್ಲಿ ಟೈರಿನ ಪ್ರತಿ ಅಂಗುಲವೂ ಒಂದೂಮುಕ್ಕಾಲು ಲಕ್ಷ ಸಲ ಬಗ್ಗಿ ನೆಟ್ಟಗಾಗುತ್ತದೆ. ರಬ್ಬರನ್ನು ಬಗ್ಗಿಸಲು ಕೊಟ್ಟ ಶಕ್ತಿಯನ್ನು ಅದು ನೆಟ್ಟಗಾಗುವಾಗ ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲನ್ನು ಒಳಗೇ ಇಟ್ಟುಕೊಂಡು ಬಿಸಿಯಾಗಿ ಬದಲಿಸುತ್ತದೆ. ವಿಜ್ಞಾನಿಗಳು ಇದನ್ನು ಹಿಸ್ಟೆರಿಸಿಸ್ ಎನ್ನುತ್ತಾರೆ. ಟೈರಿನ ಬಾಳಿಕೆ, ಹಿಡಿತ, ಇಂಧನದ ಖರ್ಚು, ಸಿಡಿತ, ಈ ನಾಲ್ಕರ ಹಿಂದೆಯೂ ಇದೊಂದೇ ಗುಣ ಕೆಲಸ ಮಾಡುತ್ತಿರುತ್ತದೆ.

ಬಿಸಿ ಎಷ್ಟು ಹುಟ್ಟುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಒಳ್ಳೆಯ ಡಾಂಬರಿನ ಮೇಲೆ ಟೈರುಗಳ ಉರುಳು ಪ್ರತಿರೋಧ, ಅಂದರೆ ಹೀಗೆ ಶಕ್ತಿ ಕಳೆಯುತ್ತಾ ಉರುಳುವಿಕೆಗೆ ಟೈರ್ ಒಡ್ಡುವ ತಡೆ, ಕಾರಿನ ತೂಕದ ನೂರನೇ ಒಂದು ಭಾಗದಷ್ಟಿರುತ್ತದೆ. ಐದು ಜನ, ಡಿಕ್ಕಿಯ ತುಂಬ ಸಾಮಾನು ಸೇರಿ ಕಾರು 1,600 ಕಿಲೋ ತೂಗಿದರೆ, 100 ಕಿ.ಮೀ. ವೇಗದಲ್ಲಿ ನಾಲ್ಕು ಟೈರುಗಳಿಂದ ಸುಮಾರು 4,400 ವಾಟ್. ಒಂದೊಂದು ಟೈರಿನ ಪಾಲಿಗೆ 1,100 ವಾಟ್. ಮನೆಯ ಇಸ್ತ್ರಿಪೆಟ್ಟಿಗೆಯ ಶಕ್ತಿಯೂ ಸುಮಾರು ಇಷ್ಟೇ. ಬೆಂಗಳೂರಿನ ದಾರಿಯುದ್ದಕ್ಕೂ ಪ್ರತಿ ಟೈರಿನೊಳಗೆ ಒಂದು ಇಸ್ತ್ರಿಪೆಟ್ಟಿಗೆ ಹೊತ್ತಿಸಿಟ್ಟಷ್ಟು ಕಾವು ಹುಟ್ಟುತ್ತಲೇ ಇರುತ್ತದೆ, ಅಷ್ಟೇ ವೇಗದಲ್ಲಿ ಅದು ಹೊರಗೂ ಹೋಗುತ್ತಿರಬೇಕು.

ಹೊರಹೋಗುವ ದಾರಿ ಮಾತ್ರ ಇಕ್ಕಟ್ಟಿನದು. ಶಾಖ ಸಾಗಿಸುವುದರಲ್ಲಿ ರಬ್ಬರ್ ಉಕ್ಕಿಗಿಂತ ನೂರು ಪಟ್ಟಿಗೂ ಹೆಚ್ಚು ಮಂದ. ಟೈರಿನ ಮೈಗೆ ತಾಗಿ ಹರಿಯುವ ಗಾಳಿಯೇ ಅದನ್ನು ತಣಿಸಬೇಕು. ಹೊರಗೆ 22 ಡಿಗ್ರಿ ಇದ್ದಾಗ ಟೈರ್ 60ಕ್ಕೆ ಏರಿ ಅಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಹುಟ್ಟುವ ಬಿಸಿಯೂ ಹೊರಹೋಗುವ ಬಿಸಿಯೂ ಅಲ್ಲಿ ಸರಿಸಮವಾಗಿರುತ್ತವೆ. ಅದೇ ಕಾರು, ಅದೇ ವೇಗ, ಆದರೆ ಹೊರಗೆ ಏಪ್ರಿಲ್ ಕೊನೆಯ 42 ಡಿಗ್ರಿ. ಆ ಸಮತೋಲ ಸಿಗುವುದು ಈಗ 80ರ ಹತ್ತಿರ. ಸೂರ್ಯನ ಕೆಳಗೆ ಕಾದ ಕಪ್ಪು ಡಾಂಬರು ತಾನೇ 60 ಡಿಗ್ರಿ ಮುಟ್ಟಿರುವುದರಿಂದ ನೆಲದ ಕಡೆಯಿಂದ ತಣಿಯುವ ಆಸೆಯಂತೂ ಇಲ್ಲ. ಬಿಸಿಲಿನ ನಿಜವಾದ ಪಾತ್ರ ಇಷ್ಟು. ಅದು ಟೈರನ್ನು ನೇರವಾಗಿ ಕಾಯಿಸುವುದಕ್ಕಿಂತ ಹೆಚ್ಚಾಗಿ, ಟೈರ್ ತಣಿಯದಂತೆ ಅಡ್ಡ ನಿಲ್ಲುತ್ತದೆ.

ಇನ್ನು ಗಾಳಿ ಕಡಿಮೆ ಮಾಡಿದರೆ ಏನಾಗುತ್ತದೆ ಎಂಬುದು ತಾನಾಗಿಯೇ ಹೊಳೆಯುತ್ತದೆ. ಟೈರ್ ಹೆಚ್ಚು ಚಪ್ಪಟೆಯಾಗುತ್ತದೆ, ಹೆಚ್ಚು ಬಗ್ಗುತ್ತದೆ, ಹೆಚ್ಚು ಕಾಯುತ್ತದೆ. ಬಗ್ಗುವಿಕೆಯೆಲ್ಲ ನೆಲ ಮುಟ್ಟುವ ಭಾಗವೂ ಪಕ್ಕೆಯೂ ಸೇರುವ ಭುಜದ ಹತ್ತಿರ ಒಟ್ಟುಗೂಡುತ್ತದೆ. ಟೈರಿನಲ್ಲಿ ರಬ್ಬರ್ ಅತಿ ದಪ್ಪಗಿರುವುದೂ ಅಲ್ಲೇ, ಬಿಸಿ ಸಿಕ್ಕಿಬೀಳುವುದೂ ಅಲ್ಲೇ, ಒಳಗಿನ ಉಕ್ಕಿನ ಬೆಲ್ಟಿನ ಅಂಚು ಮುಗಿಯುವುದೂ ಅಲ್ಲೇ.

ಕಡಿಮೆ ಗಾಳಿಯೇ ಒಳ್ಳೆಯದು ಎಂಬ ನಂಬಿಕೆಗೆ ನಮ್ಮಲ್ಲಿ ಆಧಾರವೇ ಇಲ್ಲವೆಂದಲ್ಲ. ಮೆಟ್ರಿ, ಕಂಪ್ಲಿ ಸುತ್ತಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಗೊತ್ತು: ಹಿಂದಿನ ದೊಡ್ಡ ಟೈರಿಗೆ 15ರ ಆಸುಪಾಸಿನ ಗಾಳಿ ಸಾಕು, ಅದು ಅಗಲವಾಗಿ ನೆಲವನ್ನು ತಬ್ಬಿ ಹಿಡಿಯುತ್ತದೆ, ಜಾರುವುದಿಲ್ಲ. ಅದು ಸರಿಯಾದ ತಿಳಿವಳಿಕೆ. ಆದರೆ ಹುಟ್ಟುವ ಬಿಸಿ ವೇಗಕ್ಕೆ ತಕ್ಕಂತೆ ಏರುತ್ತದೆ. ಹೊಲದಲ್ಲಿ ಗಂಟೆಗೆ ಐದಾರು ಕಿ.ಮೀ. ಸಾಗುವ ಟೈರ್ ಎಷ್ಟೇ ಬಗ್ಗಿದರೂ ಅದಕ್ಕೆ ತಣಿಯಲು ಬೇಕಾದಷ್ಟು ಸಮಯವಿದೆ. ಹೊಲದ ಈ ಅನುಭವವನ್ನು 100 ಕಿ.ಮೀ. ವೇಗದ ಕಾರಿಗೆ ಅನ್ವಯಿಸುವಲ್ಲಿ ಅಪಾಯ ಹುಟ್ಟುತ್ತದೆ. ಎರಡು ದಶಕಗಳ ಹಿಂದೆ ಹುಬ್ಬಳ್ಳಿ, ಬಳ್ಳಾರಿಯ ದಾರಿಯಲ್ಲಿ ಅಂಥ ವೇಗ ಹಿಡಿಯಲು ರಸ್ತೆಯೇ ಇರಲಿಲ್ಲ. ಈಗ ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಎರಡೂ ಹೊಸಪೇಟೆಯನ್ನು ಹಾದುಹೋಗುತ್ತವೆ. ಚಿತ್ರದುರ್ಗದವರೆಗೆ ಕಾಲೆತ್ತದೆ ಆಕ್ಸಿಲರೇಟರ್ ಒತ್ತಿ ಹಿಡಿಯಬಹುದು. ರಸ್ತೆ ಬದಲಾದಷ್ಟು ಬೇಗ ರೂಢಿ ಬದಲಾಗಿಲ್ಲ.

ಕಡಿಮೆ ಗಾಳಿ, ಬಿಸಿಲ ನಾಡು, ವೇಗ, ಭಾರ, ಈ ನಾಲ್ಕೂ ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಅಮೆರಿಕದ್ದು. 2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಕಾರಿಗೆ ಹಾಕಿದ್ದವು. ಓಡುತ್ತಿದ್ದಂತೆಯೇ ಟೈರಿನ ಮೇಲ್ಪದರ ಉಕ್ಕಿನ ಬೆಲ್ಟಿನ ಸಮೇತ ಕಿತ್ತುಬರುತ್ತಿತ್ತು, ಕಾರು ಪಲ್ಟಿ ಹೊಡೆಯುತ್ತಿತ್ತು. ಅಮೆರಿಕವೊಂದರಲ್ಲೇ 271 ಸಾವುಗಳು ಈ ಟೈರುಗಳೊಡನೆ ತಳಕು ಹಾಕಿಕೊಂಡವು. ಟೈರುಗಳನ್ನು ಬದಲಿಸಿಕೊಡಲು ಮೊದಲು ಆರಿಸಿಕೊಂಡ ರಾಜ್ಯಗಳನ್ನು ನೋಡಿದರೆ ಸಾಕು, ಕಥೆ ಅರ್ಥವಾಗುತ್ತದೆ: ಅರಿಜೋನ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆಕ್ಸಸ್. ನಾಲ್ಕೂ ಬಿಸಿಲಿನ ರಾಜ್ಯಗಳು. ಕಾರು ಸುಲಭವಾಗಿ ಪಲ್ಟಿಯಾಗಬಾರದು, ಮೆತ್ತಗೆ ಓಡಬೇಕು ಎಂದು ಫೋರ್ಡ್ ಸೂಚಿಸಿದ್ದ ಒತ್ತಡ 26 ಪಿಎಸ್‌ಐ. ಟೈರ್ ಕಂಪನಿ ಕೊನೆಗೆ 30 ಇರಲಿ ಎಂದಿತು. ತಪ್ಪು ಯಾರದೆಂದು ಎರಡೂ ಕಂಪನಿಗಳು ಬಹಿರಂಗವಾಗಿ ಜಗಳವಾಡಿ, ಶತಮಾನದಷ್ಟು ಹಳೆಯ ವ್ಯಾಪಾರ ಸಂಬಂಧವನ್ನೇ ಕಡಿದುಕೊಂಡವು. ಟೈರಿನ ಬೆಲ್ಟಿನ ಅಂಚಿನ ರಬ್ಬರಿನಲ್ಲಿ ದೋಷವಿತ್ತು ಎಂಬುದು ಸರ್ಕಾರಿ ತನಿಖೆಯಲ್ಲಿ ಹೊರಬಿತ್ತು. ದುರ್ಬಲವಾದ ಆ ಅಂಚನ್ನು ಬಗ್ಗಿಸಿ ಬಗ್ಗಿಸಿ ಕಾಯಿಸಿದ್ದು ಕಡಿಮೆ ಗಾಳಿ, ಭಾರ ಮತ್ತು ತೆಂಕಣದ ಬೇಸಿಗೆ.

ಆ ಅಂಚು ಏಕೆ ಅಷ್ಟು ನಾಜೂಕು? 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಿಧಾನದಲ್ಲೇ ಇಂದಿಗೂ ರಬ್ಬರನ್ನು ಗಂಧಕದೊಡನೆ ಬೇಯಿಸುತ್ತಾರೆ. ಉದ್ದುದ್ದ ಅಣುಸರಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ, ರಬ್ಬರ್ ಹಿಗ್ಗಿದರೂ ಹರಿಯದಂಥ ಗಟ್ಟಿತನ ಪಡೆಯುತ್ತದೆ. ಬೆಲ್ಟಿನ ಉಕ್ಕಿನ ತಂತಿಗಳಿಗೆ ಹಿತ್ತಾಳೆಯ ತೆಳು ಲೇಪ ಕೊಟ್ಟಿರುತ್ತಾರೆ. ಹಿತ್ತಾಳೆಯ ತಾಮ್ರವೂ ರಬ್ಬರಿನ ಗಂಧಕವೂ ಕೂಡಿ ಉಕ್ಕಿಗೂ ರಬ್ಬರಿಗೂ ಬೆಸುಗೆ ಹಾಕುತ್ತವೆ. ಈ ಬೆಸುಗೆ ಇಲ್ಲದಿದ್ದರೆ ಇಂದಿನ ರೇಡಿಯಲ್ ಟೈರೇ ಇಲ್ಲ. ಆದರೆ ಕಾವು, ಆಮ್ಲಜನಕ, ತೇವ ಮೂರೂ ಅದನ್ನು ದಿನದಿನವೂ ಸಡಿಲಿಸುತ್ತವೆ. ತಾಪಮಾನ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಬೆಲ್ಟಿನ ಅಂಚಿನಲ್ಲಿ 20 ಡಿಗ್ರಿ ಹೆಚ್ಚು ಕಾವಿದ್ದರೆ ಟೈರಿಗೆ ನಾಲ್ಕು ಪಟ್ಟು ಬೇಗ ಮುಪ್ಪು ಬರುತ್ತದೆ ಎಂದಾಯಿತು. ಸಿಡಿತವೆಂದು ನಾವು ಕರೆಯುವುದು ಒಂದು ಕ್ಷಣದ ಘಟನೆ. ಅದರ ಬೀಜ ತಿಂಗಳುಗಟ್ಟಲೆ ಹಿಂದೆಯೇ ಬಿದ್ದಿರುತ್ತದೆ.

ಹೀಗಾಗಿ ಟೈರ್ ಅಂಗಡಿಗೆ ಹೋದಾಗ ನಾನು ಮೊದಲು ನೋಡಲು ಹೇಳುವುದು ಕಂಪನಿಯ ಹೆಸರನ್ನಲ್ಲ, ಹುಟ್ಟಿದ ದಿನವನ್ನು. ಟೈರಿನ ಪಕ್ಕೆಯ ಮೇಲೆ ಉದ್ದನೆಯ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 1425 ಎಂದಿದ್ದರೆ 2025ರ 14ನೇ ವಾರದಲ್ಲಿ ತಯಾರಾದದ್ದು. ಎಷ್ಟೋ ಬಾರಿ ಈ ಅಂಕಿ ಟೈರಿನ ಒಂದು ಪಕ್ಕೆಯಲ್ಲಿ ಮಾತ್ರ ಇರುತ್ತದೆ, ಹೊರಕ್ಕೆ ಕಾಣದಿದ್ದರೆ ತಿರುಗಿಸಿ ತೋರಿಸಲು ಕೇಳಬೇಕು. ಮಾರಾಟವಾಗದೆ ಎರಡು ಬೇಸಿಗೆ ತಗಡಿನ ಸೂರಿನ ಗೋದಾಮಿನಲ್ಲಿ ಕಳೆದ ಟೈರ್ ರಿಯಾಯಿತಿಯಲ್ಲಿ ಸಿಕ್ಕಿತೆಂದು ಹಿಗ್ಗಬೇಕಾಗಿಲ್ಲ. ಅದರ ಆಯುಷ್ಯದ ಒಂದು ಭಾಗ ಆಗಲೇ ಖರ್ಚಾಗಿದೆ. ಆರು ತಿಂಗಳೊಳಗಿನದು ಸಿಕ್ಕರೆ ಉತ್ತಮ, ಒಂದು ವರ್ಷ ದಾಟಿದ್ದರೆ ಬೇರೆ ಅಂಗಡಿ ನೋಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಹೊಳೆಯುವ ಕಪ್ಪಿಗೆ ಮರುಳಾಗಬಾರದು. ಆ ಹೊಳಪು ಪಾಲಿಶ್‌ನಿಂದಲೂ ಬರುತ್ತದೆ.

ಆಮೇಲೆ ನೋಡಬೇಕಾದ್ದು ಅಳತೆಯ ಪಕ್ಕದಲ್ಲೇ ಇರುವ ಸಂಖ್ಯೆ ಮತ್ತು ಅಕ್ಷರ. 185/65 ಆರ್ 15 88 ಎಚ್ ಎಂದಿದ್ದರೆ, 88 ಎಂಬುದು ಭಾರದ ಸೂಚ್ಯಂಕ: ಸರಿಯಾಗಿ ಗಾಳಿ ತುಂಬಿದ್ದಾಗ ಒಂದು ಟೈರ್ 560 ಕಿಲೋ ಹೊರಬಲ್ಲದು. 82 ಎಂದಿದ್ದರೆ 475 ಕಿಲೋ. ಎಚ್ ಎಂಬುದು ವೇಗದ ಮಿತಿ, ಗಂಟೆಗೆ 210 ಕಿ.ಮೀ. ಟಿ ಎಂದರೆ 190, ಎಸ್ ಎಂದರೆ 180. ನಮ್ಮ ರಸ್ತೆಯಲ್ಲಿ ಯಾರು 210ರಲ್ಲಿ ಓಡಿಸುತ್ತಾರೆ, ಎಸ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಈ ಅಕ್ಷರ ಹೇಗೆ ಸಿಗುತ್ತದೆ ಎಂದು ತಿಳಿದರೆ ಉತ್ತರ ಸಿಗುತ್ತದೆ. ಪ್ರಯೋಗಾಲಯದಲ್ಲಿ ಟೈರಿನ ಮೇಲೆ ಭಾರ ಹೇರಿ, ಉಕ್ಕಿನ ದೊಡ್ಡ ಉರುಳೆಯ ಮೇಲೆ ವೇಗ ಏರಿಸುತ್ತಾ ಓಡಿಸುತ್ತಾರೆ. ಟೈರ್ ಸೋಲುವುದು ಕಾವಿನಿಂದ. ಹಾಗಾಗಿ ವೇಗದ ಅಕ್ಷರವೆಂದರೆ ಒಳಗಿನ ಕಾವನ್ನು ತಡೆಯುವ ಶಕ್ತಿಯ ಅಳತೆಯೂ ಹೌದು. ಯುರೋಪಿನ ನಿಯಮದ ಪ್ರಕಾರ ಆ ಪರೀಕ್ಷೆಯ ಕೋಣೆಯ ತಾಪಮಾನ 20ರಿಂದ 30 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ನಮ್ಮ ಕಾರು ಓಡುವುದು ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚಿನ ಗಾಳಿಯಲ್ಲಿ, ಅದಕ್ಕಿಂತ ಎಷ್ಟೋ ಕಾದ ನೆಲದ ಮೇಲೆ. ಕಾರು ಹೊಸದಾಗಿ ಬಂದಾಗ ಇದ್ದ ಭಾರದ ಸಂಖ್ಯೆಗಿಂತಲೂ ವೇಗದ ಅಕ್ಷರಕ್ಕಿಂತಲೂ ಕೆಳಗಿನದನ್ನು ಇಲ್ಲಿ ಹಾಕಿಸಲೇಬಾರದು. ಒಂದು ಮೆಟ್ಟಿಲು ಮೇಲಿನದಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಅನೇಕ ಟೈರುಗಳ ಪಕ್ಕೆಯ ಮೇಲೆ ಅಮೆರಿಕದ ಇನ್ನೊಂದು ಗುರುತೂ ಇರುತ್ತದೆ. ಟ್ರೆಡ್‌ವೇರ್, ಟ್ರಾಕ್ಷನ್, ಟೆಂಪರೇಚರ್ ಎಂಬ ಮೂರು ಮಾತು, ಅವುಗಳ ಮುಂದೆ ಒಂದು ಸಂಖ್ಯೆ ಮತ್ತು ಎರಡು ಶ್ರೇಣಿಗಳು. ಸವೆತದ ಸಂಖ್ಯೆ ಬರುವುದು ಟೆಕ್ಸಸ್‌ನ ಸ್ಯಾನ್ ಆಂಜೆಲೊ ಊರಿನ ಸುತ್ತ ಗೊತ್ತುಪಡಿಸಿದ ರಸ್ತೆಯಲ್ಲಿ 7,200 ಮೈಲಿ, ಅಂದರೆ 11,500 ಕಿ.ಮೀ.ಗೂ ಹೆಚ್ಚು ಓಡಿಸಿ ಹೋಲಿಸಿದ ಮೇಲೆ. ಅದನ್ನು ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಹೋಲಿಸಲು ಬಳಸಬಹುದು, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟು ನಂಬುವಂತಿಲ್ಲ. ನಮ್ಮ ಸೀಮೆಯವರು ಕಣ್ಣಿಡಬೇಕಾದ್ದು ಟೆಂಪರೇಚರ್ ಎಂಬುದರ ಮುಂದಿನ ಅಕ್ಷರದ ಮೇಲೆ. ಎ ಉತ್ತಮ, ಬಿ ನಡುವಿನದು, ಸಿ ಕನಿಷ್ಠ. ಫೈರ್‌ಸ್ಟೋನ್ ಹಿಂದಕ್ಕೆ ಕರೆಸಿಕೊಂಡ ಟೈರುಗಳ ಮೇಲೆ ಇದ್ದದ್ದು ಸಿ.

ನೆಲ ಕಚ್ಚುವ ರಬ್ಬರ್ ಗಟ್ಟಿಗಳು, ಅಂಗಡಿಯ ಮಾತಿನಲ್ಲಿ ಬಟನ್, ಯಾವ ತರಹದ್ದಿರಬೇಕು ಎಂಬ ಚರ್ಚೆಗೆ ಅಂಗಡಿಗಳಲ್ಲಿ ಬಹಳ ಹೊತ್ತು ಹೋಗುತ್ತದೆ. ಸಂಡೂರಿನ ಗಣಿ ದಾರಿಯಲ್ಲಿ ದಿನವೂ ಓಡಾಡುವವರಿಗೆ ದಪ್ಪ ದಪ್ಪ ಬಟನ್ನಿನ, ಗಟ್ಟಿ ಪಕ್ಕೆಯ ಟೈರ್ ಬೇಕೇ ಬೇಕು. ಅದಿರಿನ ಚೂರುಗಳು ಬ್ಲೇಡಿನಂತೆ ಕೊಯ್ಯುತ್ತವೆ. ದೋಣಿಮಲೈ ಕಡೆಯಿಂದ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಅದಿರು ಹೊತ್ತ ಲಾರಿಗಳು ಉದುರಿಸಿದ ಕಲ್ಲು ಡಾಂಬರಿನ ಮೇಲೂ ಬಿದ್ದಿರುತ್ತದೆ. ಆದರೆ ನೋಡಲು ಗತ್ತಾಗಿ ಕಾಣುತ್ತದೆಂದು ಅದೇ ಟೈರನ್ನು ಹೊಸಪೇಟೆಯಲ್ಲೇ ಇದ್ದು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುವ ಕಾರಿಗೆ ಹಾಕಿಸುವುದು ಸರಿಯಲ್ಲ. ಎತ್ತರದ ಬಿಡಿ ಬಿಡಿ ಬಟನ್ನುಗಳು ಪ್ರತಿ ಸುತ್ತಿನಲ್ಲೂ ಅತ್ತಿತ್ತ ಅಲುಗಾಡುತ್ತವೆ. ಆ ಅಲುಗಾಟವೂ ಹಿಸ್ಟೆರಿಸಿಸ್ ಮೂಲಕ ಬಿಸಿಯಾಗುತ್ತದೆ. ದಪ್ಪ ರಬ್ಬರ್ ಆ ಬಿಸಿಯನ್ನು ಹೊರಬಿಡುವುದೂ ಇಲ್ಲ. ಹೆದ್ದಾರಿಗೆ ಹೆದ್ದಾರಿಯ ಟೈರೇ ತಕ್ಕದ್ದು.

ತಣ್ಣನೆಯ ದೇಶಗಳಲ್ಲಿ ಈ ಆಯ್ಕೆ ಇನ್ನೂ ತೊಡಕಿನದು. 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ರಬ್ಬರ್ ಬಿರುಸಾಗುತ್ತದೆಂದು ಅಲ್ಲಿ ಚಳಿಗಾಲಕ್ಕೆ ಮೆತ್ತನೆಯ ರಬ್ಬರಿನ ಬೇರೆ ಟೈರ್ ಹಾಕಿಸುತ್ತಾರೆ. ನಮಗೆ ಆ ಗೊಡವೆ ಇಲ್ಲ. ಹಂಪಿಯ ಡಿಸೆಂಬರ್ ಮುಂಜಾವಿನ ಚಳಿಯೂ ಆ ಗೆರೆಯಿಂದ ದೂರ. ವಿದೇಶದಿಂದ ಬಂದ ಹಳೆಯ ಚಳಿಗಾಲದ ಟೈರನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಬೇಡವೆನ್ನಿ. ನಮ್ಮ ಕಾದ ಡಾಂಬರಿನ ಮೇಲೆ ಆ ಮೆತ್ತನೆಯ ರಬ್ಬರ್ ಬಹುಬೇಗ ತೇದುಹೋಗುತ್ತದೆ.

ನಮಗೆ ಬೇಕಾದ ರಬ್ಬರ್ ಯಾವುದು? ಇಲ್ಲಿ ವಿಜ್ಞಾನ ಒಂದು ಸೊಗಸಾದ ಒಗಟನ್ನು ಬಿಡಿಸಿದೆ. ಹಿಸ್ಟೆರಿಸಿಸ್ ಕಡಿಮೆಯಿದ್ದರೆ ಟೈರ್ ತಂಪಾಗಿ ಓಡುತ್ತದೆ, ಪೆಟ್ರೋಲ್ ಉಳಿಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ನೆಲದ ಒರಟನ್ನು ಕಚ್ಚಿ ಹಿಡಿದು ಚಲನೆಯ ಶಕ್ತಿಯನ್ನು ನುಂಗಲು ಅದೇ ಹಿಸ್ಟೆರಿಸಿಸ್ ಬೇಕು. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು ಎಂದೇ ಬಹುಕಾಲ ಭಾವಿಸಿದ್ದರು. ಆದರೆ ಉರುಳುವಾಗಿನ ಬಗ್ಗುವಿಕೆ ಸೆಕೆಂಡಿಗೆ ಹತ್ತಾರು ಬಾರಿ, ಜಾರುವಾಗ ನೆಲದ ಒರಟಿಗೆ ತಾಗಿ ಆಗುವ ಕಂಪನ ಸೆಕೆಂಡಿಗೆ ಸಾವಿರಾರು ಬಾರಿಯಿಂದ ಲಕ್ಷಾಂತರ ಬಾರಿ. ಎರಡೂ ಬೇರೆ ಬೇರೆ ಲಯಗಳು. ನಿಧಾನ ಲಯದಲ್ಲಿ ಕಡಿಮೆ, ವೇಗದ ಲಯದಲ್ಲಿ ಹೆಚ್ಚು ಶಕ್ತಿ ನುಂಗುವ ರಬ್ಬರ್ ಮಾಡಿದರೆ ಎರಡೂ ದಕ್ಕುತ್ತವೆ. 1992ರಲ್ಲಿ ಮಿಶೆಲಿನ್ ಕಂಪನಿ ರಬ್ಬರಿಗೆ ಬೆರೆಸುವ ಮಸಿಯ ಪುಡಿಯ ದೊಡ್ಡ ಪಾಲಿನ ಬದಲು ಸಿಲಿಕಾ ಬೆರೆಸಿ ಇದನ್ನು ಮಾರುಕಟ್ಟೆಗೆ ತಂದಿತು. ಈಗ ಬಹುತೇಕ ದೊಡ್ಡ ಕಂಪನಿಗಳ ಬಳಿ ಅಂಥ ಟೈರುಗಳಿವೆ. ಟೈರ್ ಉರುಳುವಾಗ ಎಷ್ಟು ಕಾಯುತ್ತದೆಂದು ಊಹಿಸಲು ಪ್ರಯೋಗಾಲಯದವರು ರಬ್ಬರ್ ತುಣುಕನ್ನು 60 ಡಿಗ್ರಿಯಲ್ಲಿಟ್ಟು ಅಲುಗಿಸಿ ನೋಡುತ್ತಾರೆ. ಮೆಟ್ರಿಯ ಮಧ್ಯಾಹ್ನದ ಡಾಂಬರಿನ ಬಿಸಿಯೂ ಅಷ್ಟೇ.

ಭಾರತದಲ್ಲಿ ಮಾರುವ ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಉರುಳು ಪ್ರತಿರೋಧ ಮತ್ತು ಒದ್ದೆ ನೆಲದ ಹಿಡಿತಕ್ಕೂ ಮಿತಿ ವಿಧಿಸುವ ನಿಯಮ ಹೊಸ ವಿನ್ಯಾಸಗಳಿಗೆ 2022ರ ಅಕ್ಟೋಬರ್ 1ರಿಂದ, ಹಳೆಯ ವಿನ್ಯಾಸಗಳಿಗೆ 2023ರ ಏಪ್ರಿಲ್ 1ರಿಂದ ಬಂತು. ಒಳ್ಳೆಯ ಹೆಜ್ಜೆ.

ಒದ್ದೆ ನೆಲದ ಮಾತು ಬರಗಾಲದ ಸೀಮೆಯವರಿಗೆ ಏಕೆ ಎನ್ನಬೇಡಿ. ನಮ್ಮಲ್ಲಿ ಮಳೆ ಕಡಿಮೆ, ಆದರೆ ಬಂದಾಗ ಏಕಾಏಕಿ ಸುರಿಯುತ್ತದೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಕೆಂಪು ಅದಿರಿನ ಧೂಳು ಮೊದಲ ಮಳೆಗೆ ಕಲಸಿ ಕೆಸರಾಗುತ್ತದೆ, ಮಳೆಗಾಲವಿಡೀ ಇರುವ ಜಾರಿಕೆಗಿಂತ ಆ ಮೊದಲ ಅರ್ಧ ಗಂಟೆಯ ಜಾರಿಕೆ ಹೆಚ್ಚು. ಬಟನ್ನುಗಳ ನಡುವಿನ ಕಾಲುವೆಗಳು ನೀರನ್ನು ಪಕ್ಕಕ್ಕೆ ದಬ್ಬಬೇಕು. ಹೊಸ ಟೈರಿನಲ್ಲಿ ಅವು ಸುಮಾರು 8 ಮಿ.ಮೀ. ಆಳ. ಕಾಲುವೆಯ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ಅಡ್ಡಗಟ್ಟೆಗಳಿರುತ್ತವೆ, ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರ್ ತೆಗೆಯಲೇಬೇಕು ಎಂಬುದು ಕಾನೂನು. 3 ಮಿ.ಮೀ.ಗೇ ತೆಗೆಯುವುದು ವಿವೇಕ. ನಾಲ್ಕಕ್ಕೆ ಹಣ ಸಾಲದೆ ಎರಡನ್ನೇ ಕೊಂಡರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಮುಂದಿನ ಚಕ್ರ ಎಳೆಯುವ ಕಾರಾದರೂ ಸರಿ. ಮುಂದಿನವು ಜಾರಿದರೆ ಕಾರು ನೇರಕ್ಕೆ ಜಾರುತ್ತದೆ, ಸ್ಟಿಯರಿಂಗ್ ಕೈಗೆ ಅದು ತಿಳಿಯುತ್ತದೆ. ಹಿಂದಿನವು ಜಾರಿದರೆ ಗಾಡಿ ಬುಗುರಿಯಂತೆ ತಿರುಗಿಬಿಡುತ್ತದೆ. ಹೆಚ್ಚಿನ ಅಂಗಡಿಗಳು ಕೇಳದೇ ಮುಂದಕ್ಕೆ ಹಾಕಿಬಿಡುತ್ತವೆ, ಬಾಯಿಬಿಟ್ಟು ಹೇಳಬೇಕು.

ನೈಟ್ರೋಜನ್ ಬಗ್ಗೆ ಎರಡು ಮಾತು ಸಾಕು. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಭಾಗವಿದೆ. ಅದು ಹಿಗ್ಗುವುದೂ ಮಾಮೂಲಿ ಗಾಳಿಯಷ್ಟೇ. ತೇವವಿಲ್ಲದಿರುವುದು, ತುಸು ನಿಧಾನವಾಗಿ ಸೋರುವುದು ಅದರ ಲಾಭ. ಪುಕ್ಕಟೆ ಸಿಕ್ಕರೆ ಹಾಕಿಸಿ, ಅದು ಹಾಕಿಸಿದೆನೆಂದು ಗಾಳಿ ನೋಡಿಸುವುದನ್ನು ಮಾತ್ರ ಬಿಡಬೇಡಿ.

ಗಾಳಿ ನೋಡಿಸುವುದರಲ್ಲಿ ನಮ್ಮ ಹಳ್ಳಿಗಳಿಗೆ ಒಂದು ವಿಶೇಷ ತೊಂದರೆಯಿದೆ. ಕಾರಿನ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿರುವ ಒತ್ತಡ ತಣ್ಣಗಿರುವ ಟೈರಿನದು, ಅಂದರೆ ಕಾರು ಮೂರು ಗಂಟೆಯಾದರೂ ನೆರಳಲ್ಲಿ ನಿಂತಿರಬೇಕು. ಹಳ್ಳಿಯಿಂದ ಹತ್ತಾರು ಕಿ.ಮೀ. ಬಿಸಿಲಲ್ಲಿ ಓಡಿ ಪೇಟೆಯ ಬಂಕ್ ಮುಟ್ಟುವ ಹೊತ್ತಿಗೆ ಒತ್ತಡ ಆಗಲೇ ನಾಲ್ಕೈದು ಪಾಯಿಂಟ್ ಏರಿರುತ್ತದೆ. ಆಗ ಮೀಟರಿನಲ್ಲಿ 37 ಕಂಡು ಐದು ಪಾಯಿಂಟ್ ತೆಗೆಸಿದರೆ, ಮರುದಿನ ಬೆಳಿಗ್ಗೆ ಟೈರಿನಲ್ಲಿ ಉಳಿಯುವುದು 27. ಐದು ಜನ ಹತ್ತಿ ಹೊರಡುವುದು ಆ 27ರ ಮೇಲೆ. ಕೆಲವು ನೂರು ರೂಪಾಯಿಗೆ ಸಿಗುವ ಕೈ ಮೀಟರ್ ಒಂದನ್ನು ಕೊಂಡು ಮನೆಯಲ್ಲೇ, ಬೆಳಗ್ಗೆ, ಹದಿನೈದು ದಿನಕ್ಕೊಮ್ಮೆ ನೋಡುವುದೇ ಸರಿ. ಕಾದ ಟೈರಿನಿಂದ ಗಾಳಿ ತೆಗೆಯುವುದಂತೂ ಬೇಡವೇ ಬೇಡ. ತುಂಬಿದ ಕಾರಿನಲ್ಲಿ ದೂರ ಹೋಗುವಾಗ ಆ ಚೀಟಿಯೇ ಹೆಚ್ಚಿನ ಒತ್ತಡ ಸೂಚಿಸಿರುತ್ತದೆ, ಅದನ್ನು ಪಾಲಿಸಿ. ಟೈರಿನ ಪಕ್ಕೆಯ ಮೇಲೆ ಬರೆದಿರುವ 44 ಅಥವಾ 51 ಎಂಬುದು ಗರಿಷ್ಠ ಮಿತಿ, ತುಂಬಿಸಬೇಕಾದ ಅಳತೆ ಅಲ್ಲ.

ಇಷ್ಟೆಲ್ಲ ಮಾಡಿದರೂ ಟೈರಿಗೆ ಮುಪ್ಪು ಬಂದೇ ಬರುತ್ತದೆ. ಬಟನ್ ಚೆನ್ನಾಗಿದೆಯಲ್ಲ ಎಂದು ಎಂಟು ವರ್ಷದ ಟೈರಿನಲ್ಲಿ ಓಡಾಡುವ ಕಾರುಗಳು ನಮ್ಮ ಊರುಗಳಲ್ಲಿ ಬಹಳ. ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಕಾರಿಗೆ ಈ ಅಪಾಯ ಹೆಚ್ಚು. ರಬ್ಬರಿಗೆ ಬೆರೆಸಿದ ಮೇಣ ಮತ್ತು ರಕ್ಷಕ ರಾಸಾಯನಿಕಗಳು ಟೈರ್ ಓಡುವಾಗ, ಬಗ್ಗುವಾಗ ಒಳಗಿನಿಂದ ಮೇಲ್ಮೈಗೆ ಬಂದು ಓಜೋನಿನಿಂದ ಕಾಪಾಡುತ್ತವೆ. ನಿಂತೇ ಇರುವ ಟೈರಿಗೆ ಆ ಕಾವಲು ಸಾಲದೆ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಹಲವು ಕಾರು ಕಂಪನಿಗಳು ಆರು ವರ್ಷಕ್ಕೆ ಬದಲಿಸಿ ಎನ್ನುತ್ತವೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಬಿಸಿಲಿಗೆ ನಾನು ಐದು ಎನ್ನುತ್ತೇನೆ.

ಫೈರ್‌ಸ್ಟೋನ್ ದುರಂತದ ನಂತರ ಅಮೆರಿಕದ ರಸ್ತೆ ಸುರಕ್ಷಾ ಇಲಾಖೆ ಟೈರಿನ ಮುಪ್ಪನ್ನೇ ಅಧ್ಯಯನ ಮಾಡಲು ಹೊರಟಿತು. ಅದಕ್ಕೆ ಆರಿಸಿಕೊಂಡ ಊರು ಅರಿಜೋನದ ಮರುಭೂಮಿಯ ಫೀನಿಕ್ಸ್, ಬೇಸಿಗೆ ನಮ್ಮದಕ್ಕಿಂತಲೂ ಕಡು. 2003ರಲ್ಲಿ ಅಲ್ಲಿ ಜನ ಬಳಸುತ್ತಿದ್ದ ಕಾರುಗಳಿಂದ ಟೈರುಗಳನ್ನು ಬಿಚ್ಚಿ ತಂದು, ಪದರ ಪದರವಾಗಿ ಕೊಯ್ದು ಪರೀಕ್ಷಿಸಿದರು. ವಯಸ್ಸಾದಂತೆ ಬೆಲ್ಟಿನ ನಡುವಣ ರಬ್ಬರ್ ಬಿರುಸಾಗುತ್ತಾ, ಹಿಗ್ಗುವ ಗುಣ ಕಳೆದುಕೊಳ್ಳುತ್ತಾ, ಸುಲಭವಾಗಿ ಸುಲಿದುಬರುತ್ತಿತ್ತು. ಡಿಕ್ಕಿಯಲ್ಲಿ ಕೂತೇ ಇದ್ದ, ನೆಲ ಮುಟ್ಟದ ಸ್ಟೆಪ್ನಿಗಳಿಗೂ ಮುಪ್ಪು ಬಂದಿತ್ತು. ಹೊಸ ನಾಲ್ಕನ್ನು ಹಾಕಿಸಿ ಹಳೆಯದರಲ್ಲಿ ಒಳ್ಳೆಯದೊಂದನ್ನು ಆರಿಸಿ ಸ್ಟೆಪ್ನಿಗೆ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗೆ ಇಡುವಾಗ ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಿ. ಅದರಲ್ಲಿ ಗಾಳಿಯೂ ಹೇಳಿದ್ದಕ್ಕಿಂತ ಮೂರ್ನಾಲ್ಕು ಪಾಯಿಂಟ್ ಹೆಚ್ಚೇ ಇರಲಿ, ತಿಂಗಳುಗಟ್ಟಲೆ ಅದರ ಕಡೆ ಯಾರೂ ನೋಡುವುದಿಲ್ಲ.